ತಿಕ್ಕಬಾರದ ನಾಣ್ಯ

ಬೀದಿಯವರು ಅವರಿಗಿಟ್ಟ ಹೆಸರು ಭೂತಗನ್ನಡಿ ಮಾವ. ಬೆಳಿಗ್ಗೆ ಎದ್ದವರೇ ಹಳೇ ಬ್ರಿಟಿಷ್ ಪೆನ್ನಿಯನ್ನೋ ಶಿಲ್ಲಿಂಗನ್ನೋ ಕಿಟಕಿಯ ಬೆಳಕಿಗೆ ಹಿಡಿದು ಕೂತರೆ, ಹೆಂಡತಿ ತಂದಿಟ್ಟ ಚಹಾ ಆರಿ ಕೆನೆಗಟ್ಟಿದರೂ ಅವರಿಗೆ ಪರಿವೆಯಿಲ್ಲ. ಮೊದಲು ನೋಡುವುದು ನಾಣ್ಯದ ರಾಣಿಯ ಕಿವಿಯ ಮೇಲಿನ ಕೂದಲನ್ನು, ಏಕೆಂದರೆ ಸವೆತ ಶುರುವಾಗುವುದೇ ಅಲ್ಲಿಂದ. ಕೂದಲು ಎಳೆಎಳೆಯಾಗಿ ಕಂಡರೆ "ಪರವಾಗಿಲ್ಲ", ಕಾಣದಿದ್ದರೆ "ಸವಕಲು". ಈ ಎರಡೇ ಮಾತಿನಲ್ಲಿ ಅವರ ಸಂಸಾರವೂ ಸಾಗಿದೆ: ಅಳಿಯ ಪರವಾಗಿಲ್ಲ, ಹೊಸ ಸೋಫಾ ಪರವಾಗಿಲ್ಲ, ಬೀಗರು ಮಾತ್ರ ಸವಕಲು. ಕೇಳಿ ಕೇಳಿ ಹೆಂಡತಿಗೆ ಸಾಕಾಗಿದೆ. ಮದುವೆಯಾದ ಹೊಸದರಲ್ಲಿ ಪಾಪ, ಗಂಡ ಖುಷಿಪಡಲಿ ಎಂದು ಮಂಕಾದ ಪೆನ್ನಿಯೊಂದನ್ನು ಪಾತ್ರೆ ತೊಳೆಯುವ ಪುಡಿ ಹಾಕಿ ಫಳಫಳ ಉಜ್ಜಿಟ್ಟಿದ್ದಳು. "ಅಯ್ಯೋ, ಆ ಹಳೇ ಬಣ್ಣಾನೇ ಅದರ ಕಳೆ ಕಣೇ! ಈಗೇನು ಉಳೀತು?" ಎಂದು ಅವರು ಅವತ್ತು ಊಟ ಬಿಟ್ಟಿದ್ದರು. ಅಂದಿನಿಂದ ಆಕೆ ನಾಣ್ಯದ ಪೆಟ್ಟಿಗೆಗಳ ಧೂಳನ್ನಷ್ಟೇ ಒರೆಸುತ್ತಾಳೆ. ಒರೆಸಿ ಒರೆಸಿ ತೋಳು ಸೋತಿದೆ, ತನ್ನ ಮುಖ ನೋಡುವವರಿಲ್ಲವೆಂದು ಮನಸ್ಸೂ ಸೋತಿದೆ. ಮೊನ್ನೆ, ಮಗಳು ತಂದುಕೊಟ್ಟ ಕೂದಲ ಬಣ್ಣದ ಬಾಟಲಿ ಹಿಡಿದು ಆಕೆ ಕನ್ನಡಿಯೆದುರು ನಿಂತಿದ್ದಾಗ, ಮಾವ ಭೂತಗನ್ನಡಿ ಕೆಳಗಿಟ್ಟು ಎದ್ದುಬಂದರು. ಆಕೆಯ ಕಿವಿಯ ಮೇಲಿನ ನರೆಗೂದಲನ್ನೇ ಬಗ್ಗಿ ನೋಡಿದರು. ಇನ್ನೇನು ಸವಕಲು ಎನ್ನುತ್ತಾರೆಂದು ಆಕೆ ಕಣ್ಣು ಮುಚ್ಚಿಕೊಂಡಳು. "ಬೇಡ ಬಿಡೇ," ಎಂದರು ಅವರು, "ಕಳೆ ಹೋಗತ್ತೆ."