ಎಡೆ ಇಟ್ಟ ಹೊತ್ತಿಗೆ ಬಂದದ್ದು

ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಾನು ಯಾವತ್ತೂ ನಂಬಿದವಳಲ್ಲ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತೇನೆ, ನಿಜ. ಸತ್ತವರು ಬಂದು ಉಣ್ಣುತ್ತಾರೆಂದಲ್ಲ; ವರ್ಷಕ್ಕೊಂದು ಸಲವಾದರೂ ಅವರ ಹೆಸರು ಮನೆಯಲ್ಲಿ ಕೇಳಲಿ ಎಂದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಇಲ್ಲಿ ಬರುವ ಕಂಪ್ಯೂಟರಿನ ಸಂಗತಿ ಎಲ್ಲಾದರೂ ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಿ. ಕಂಡದ್ದನ್ನು ಮಾತ್ರ ಕಂಡ ಹಾಗೆಯೇ ಬರೆಯುತ್ತೇನೆ.

ನಮ್ಮದು ಹೆಗ್ಗನಹಳ್ಳಿ. ನನ್ನ ಮಗ ಮಹದೇವ ಒಂದು ಬೆಳಿಗ್ಗೆ ನನ್ನ ಕೈಲಿ ಬೈಸಿಕೊಂಡು ಮನೆಯಿಂದ ಹೋದವನು ತಿರುಗಿ ಬರಲಿಲ್ಲ. ಕುಡಿತ ಅವನದು, ಬಾಯಿ ನನ್ನದು. ಪೊಲೀಸರಿಗೆ ಬರೆದುಕೊಟ್ಟೆವು. ಮಾಗಡಿ ರಸ್ತೆಯ ಕಂಬಕಂಬಕ್ಕೂ ಅವನ ಫೋಟೋ ಅಂಟಿಸಿದೆವು. ಹೀಗೇ ಎರಡು ವರ್ಷ ಕಳೆಯಿತು. ಆಗ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದವಳು ಶೈಲಾ, ಗದಗದ ಕಡೆಯವಳು. ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುವುದು ಅವಳ ಕೆಲಸ. ಅವಳೇ ಮಹದೇವನ ಫೋಟೋ, ಗುರುತು, ನಮ್ಮ ಫೋನ್ ನಂಬರು ಹಾಕಿ ಒಂದು ಪುಟ ಮಾಡಿದಳು. ದಿನಕ್ಕೆ ಎಷ್ಟು ಮಂದಿ ಅದನ್ನು ತೆರೆದರು ಎಂಬುದು ನನ್ನ ಸೊಸೆ ಭಾಗ್ಯಳ ಫೋನಿಗೆ ಬರುತ್ತಿತ್ತು.

ಅದನ್ನು ನೋಡುವುದೇ ಅವಳಿಗೆ ಊಟ, ಅದೇ ನಿದ್ದೆ. "ಅತ್ತೆ, ಇವತ್ತು ಅರವತ್ತು ಜನ ನೋಡವ್ರೆ. ಒಬ್ರಿಗಾದ್ರೂ ಗುರ್ತು ಸಿಗಲ್ವಾ?" ಎನ್ನುವಳು.

"ಅರವತ್ತು ಜನ ನೋಡಿ ಒಬ್ರೂ ಫೋನ್ ಮಾಡಿಲ್ಲ ಅಂದ್ರೆ ಅವ್ರಿಗೆಲ್ಲ ಬಾಯಿ ಬಿದ್ದೋಗೈತಾ? ಮೊದ್ಲು ಒಲೆ ಕಡೆ ನೋಡೇ, ಸಾರು ಹೊತ್ತೋಗ್ತೈತೆ" ಎಂದು ನಾನು ಗದರುತ್ತಿದ್ದೆ.

ನನ್ನ ಮಾತು ಕೇಳಿ ಶೈಲಾಗೂ ಅನುಮಾನ ಬಂತು. ಪುಟದೊಳಗೆ ಒಂದು ಸಣ್ಣ ಪ್ರೋಗ್ರಾಂ ಸೇರಿಸಿದಳು. ಪುಟ ತೆರೆದವರ ಫೋನಿನಲ್ಲೇ ಅದು ಓಡುವುದಂತೆ. ಕೇಳಿದ್ದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿಕೊಡುವ ಕಂಪನಿಗಳು ಯಂತ್ರಗಳನ್ನು ಬಿಟ್ಟಿರುತ್ತವೆ. ಅವು ಇಂಟರ್ನೆಟ್ಟಿನ ಪುಟಗಳನ್ನೆಲ್ಲ ತೆರೆದು ಓದಿಕೊಂಡು ಹೋಗುತ್ತವೆ. ಬರುವಾಗ ಇಂಥ ಯಂತ್ರವೆಂದು ತಮ್ಮ ಹೆಸರನ್ನು ತಾವೇ ಹೇಳುತ್ತವೆ. ಪ್ರೋಗ್ರಾಂ ಆ ಹೆಸರನ್ನು ನೋಡುತ್ತದೆ, ಪುಟದ ಮೇಲೆ ಬೆರಳು ಆಡಿತೋ ಇಲ್ಲವೋ ಅದನ್ನೂ ನೋಡಿ, ಬಂದದ್ದು ಯಂತ್ರವೋ ಮನುಷ್ಯನೋ ಎಂದು ಪಟ್ಟಿ ಬರೆಯುತ್ತದೆ. "ಯಂತ್ರಕ್ಕ ಕೈ ಎಲ್ಲಿಂದ ಬರಬೇಕ್ರೀ ಅಜ್ಜಿ? ಬರ್ತಾವ, ಓದ್ತಾವ, ಹೋಗ್ತಾವ" ಎಂದಳು.

ವಾರ ಕಳೆದು ಪಟ್ಟಿ ನೋಡಿದರೆ ಉದ್ದಕ್ಕೂ ಯಂತ್ರ, ಯಂತ್ರ, ಯಂತ್ರ. ನಡುವೆ ಅಲ್ಲೊಂದು ಇಲ್ಲೊಂದು 'ಮನುಷ್ಯ' ಎಂದು ಇತ್ತು. ಭಾಗ್ಯ ಪುಟ ತೆರೆದ ಹೊತ್ತಿಗೆ ಶೈಲಾ ಅವನ್ನು ಹೊಂದಿಸಿ ನೋಡಿದಳು. ಅಷ್ಟೂ ಭಾಗ್ಯಳ ಫೋನೇ.

ಅವತ್ತೇ ನಾನು ಈ ಸಲ ಮಹದೇವನಿಗೂ ಎಡೆ ಇಡುತ್ತೇನೆಂದು ಹೇಳಿಬಿಟ್ಟೆ. ಭಾಗ್ಯ ಪಾತ್ರೆ ಕುಕ್ಕಿದಳು. "ಉಸಿರಾಡ್ತಿರೋರಿಗೆ ಎಡೆ ಇಕ್ತೀರಾ? ಅವ್ರೇನು ನಿಮ್ಮ ಹೊಟ್ಟೇಲಿ ಹುಟ್ಟಲಿಲ್ವಾ?" ಎಂದಳು. ಎಡೆ ಇಟ್ಟರೆ ಅವನು ಸತ್ತನೆಂದು ಮನೆಯವರೇ ಒಪ್ಪಿದ ಹಾಗೆ, ಅವಳು ತಾಳಿ ತೆಗೆಯಬೇಕಾಗುತ್ತದೆ. ಅದು ನನಗೆ ತಿಳಿಯದ್ದಲ್ಲ. ಆದರೆ ಮೂವತ್ತೆರಡಕ್ಕೆ ಆ ಹುಡುಗಿ ಒಣಗಿ ಕಡ್ಡಿಯಾಗಿದ್ದಳು. ಯಾವುದಾದರೂ ಒಂದು ಕಡೆ ಇತ್ಯರ್ಥವಾಗಲಿ ಎಂದುಕೊಂಡೆ.

ಮಹಾಲಯ ಅಮಾವಾಸ್ಯೆಯ ಸಂಜೆ ಮಾವ, ಅತ್ತೆ, ನನ್ನ ಯಜಮಾನರು ಇವರ ಎಲೆಗಳ ಪಕ್ಕದಲ್ಲಿ ಅವನಿಗೂ ಎಲೆ ಹಾಕಿದೆ. ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ಅವನ ನೀಲಿ ಅಂಗಿ ಮಡಿಸಿ ಇಟ್ಟೆ. ನಮ್ಮಲ್ಲಿ ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿಕೊಂಡು ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ, ಹಿರಿಯರು ಉಣ್ಣಲಿ ಎಂದು. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುವುದು. ನಾನು, ಶೈಲಾ ಮೆಟ್ಟಿಲ ಮೇಲೆ ಕೂತೆವು. ಭಾಗ್ಯ ಆ ಕಡೆ ಮುಖ ಮಾಡಿಕೊಂಡು ಫೋನಿನಲ್ಲಿ ಪಟ್ಟಿ ನೋಡುತ್ತಾ ಕೂತಳು.

ಬಾಗಿಲು ಮುಚ್ಚಿ ಒಂದು ನಿಮಿಷ ಆಗಿರಲಿಕ್ಕಿಲ್ಲ. "ಶೈಲಕ್ಕಾ, ಇದೇನಿದು?" ಎಂದಳು ಭಾಗ್ಯ. ಪಟ್ಟಿಯಲ್ಲಿ ಹೊಸ ಸಾಲು ಬಂದಿತ್ತು. ಶೈಲಾ ಫೋನು ಕಸಿದುಕೊಂಡು ನೋಡಿದಳು.

"ಹೆಸರು ಯಂತ್ರದ್ದೈತಿ ಅಜ್ಜಿ. ಆದ್ರ ಬೆರಳು ಆಡಾಕತ್ತೈತಿ."

ಬೆರಳು ಎಲ್ಲಿದೆ ಎಂದು ಪ್ರೋಗ್ರಾಂ ತೋರಿಸುತ್ತಿತ್ತು. ಮೊದಲು ಫೋಟೋ ಮೇಲೆ ಇತ್ತು. ನಿಧಾನಕ್ಕೆ ಕೆಳಗಿಳಿಯಿತು. ವಯಸ್ಸು, ಎತ್ತರ, ಉಟ್ಟಿದ್ದ ಬಟ್ಟೆ ಎಲ್ಲ ದಾಟಿ ಕೊನೆಯ ಸಾಲಿನ ಮೇಲೆ ನಿಂತಿತು. ಆ ಸಾಲು ನಾನೇ ಹೇಳಿ ಬರೆಸಿದ್ದು: 'ಎಲ್ಲಿದ್ದರೂ ಮನೆಗೆ ಬಾ, ಬೈಯುವುದಿಲ್ಲ.' ಬೆರಳು ಅಲ್ಲಿಂದ ಕದಲಲೇ ಇಲ್ಲ. ನನಗೆ ತಡೆಯಲಾಗಲಿಲ್ಲ. ಎದ್ದು ಕೆಮ್ಮಿ ಬಾಗಿಲು ತಟ್ಟಿದೆ.

"ಹೋತು" ಎಂದಳು ಶೈಲಾ.

ಒಳಗೆ ಎಡೆಯಲ್ಲಿ ಏನೂ ಕದಲಿರಲಿಲ್ಲ. ಕದಲಿತ್ತೆಂದು ಬರೆದರೆ ಸುಳ್ಳಾಗುತ್ತದೆ.

ಶೈಲಾ ಎಷ್ಟೋ ದಿನ ತಲೆ ಕೆಡಿಸಿಕೊಂಡು ಕೊನೆಗೆ ಹೇಳಿದ್ದಿಷ್ಟು. ಹೆಸರನ್ನು ಯಾರು ಬೇಕಾದರೂ ಸುಳ್ಳು ಹೇಳಬಹುದು. ಕೈ ಇರುವ ಹಾಗೆ ನಟಿಸುವ ಯಂತ್ರಗಳೂ ಇವೆಯಂತೆ. ಪ್ರೋಗ್ರಾಂ ಓಡುವುದು ಬಂದವರ ಕಡೆ. ಅವರು ತೋರಿಸಿದ್ದನ್ನೇ ಅದು ನಂಬುತ್ತದೆ. ಇರಬಹುದು. ಆದರೆ ನಾನು ಬಾಗಿಲು ಹಾಕಿದಾಗ ಬಂದದ್ದು, ತಟ್ಟಿದಾಗ ಹೋದದ್ದು ಏಕೆ?

ಭಾಗ್ಯ ತಾಳಿ ತೆಗೆಯಲಿಲ್ಲ. ಅವರು ಬದುಕಿದ್ದಾರೆ, ಎಲ್ಲೋ ಕೂತು ನೋಡಿದ್ದಾರೆ ಎನ್ನುತ್ತಾಳೆ. ಅಲ್ಲ ಎನ್ನಲು ನನ್ನ ಹತ್ತಿರ ಏನಿದೆ? ಆಮೇಲಿನ ವರ್ಷ ಮಹದೇವನಿಗೆ ಎಲೆ ಹಾಕಲು ನನಗೆ ಕೈ ಬರಲಿಲ್ಲ. ಹಿರಿಯರಿಗಷ್ಟೇ ಇಟ್ಟು ಬಾಗಿಲು ಮುಚ್ಚಿ ಹೊರಗೆ ಕೂತೆ. ಈ ಸಲ ಫೋನು ನಾನೇ ಹಿಡಿದಿದ್ದೆ. ತುಂಬಾ ಹೊತ್ತು ಕಾದೆ, ಅನ್ನ ಆರುವಷ್ಟು. ಪಟ್ಟಿಯಲ್ಲಿ ಬೆರಳು ಆಡಿಸುವವರು ಯಾರೂ ಬರಲಿಲ್ಲ. ಬದುಕಿದ್ದಾನೆಂದು ಬರಲಿಲ್ಲವೋ, ನಾನು ಎಲೆ ಹಾಕಲಿಲ್ಲವೆಂದು ಬರಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.