ಮೊಸರಿನ ಡಬ್ಬಿ, ಕಂಡಕ್ಟರನ ಕಾಲು

ಕೃತಕ ಕಾಲುಗಳನ್ನು ಮಾಡುವ ಆ ಪುಟ್ಟ ಕಾರ್ಖಾನೆಯಲ್ಲಿ ಅವಳ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರ ಬಾಯಲ್ಲಿ ಅವಳು ಡಬ್ಬಿಯಕ್ಕ. ಹತ್ತೊಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ, ರಾಳ ಕಲಸುವುದು. ಕಾಲಿನ ಅಚ್ಚಿನ ಮೇಲೆ ಗಾಜುನೂಲಿನ ಬಟ್ಟೆ ಹೊದಿಸಿ, ಅದಕ್ಕೆ ರಾಳ ಕುಡಿಸಿದರೆ ಬಟ್ಟೆ ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಮೊಣಕಾಲಿನ ಕೆಳಗೆ ಉಳಿದ ತುಂಡುಗಾಲು ಹೊಕ್ಕು ಕೂರುವ ಬಟ್ಟಲಾಗುತ್ತದೆ. ರಾಳವನ್ನೂ ಅದನ್ನು ಗಟ್ಟಿ ಮಾಡುವ ದ್ರವವನ್ನೂ ತೂಗಿ, ಬೆರೆಸಿ, ಹದ ಮೀರುವ ಮೊದಲು ಸುರಿದುಬಿಡಬೇಕು. ಆ ಕೆಲವು ನಿಮಿಷ ಅದು ಯಾವ ಪಾತ್ರೆಯಲ್ಲಿ ಇರಬೇಕು ಎನ್ನುವುದೇ ಡಬ್ಬಿಯಕ್ಕನ ವಿದ್ಯೆ.

ಒಂದು ಸಲ ಕಲಸಿ ಎಸೆಯುವುದಕ್ಕೆ ಹೊಸ ಪಾತ್ರೆ ಕೊಳ್ಳುವುದೆಂದರೆ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಹಾಗೆಂದು ಸಿಕ್ಕಿದ್ದಕ್ಕೆಲ್ಲ ಸುರಿಯುವವಳೂ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಿಳಿ ಥರ್ಮೋಕೋಲ್ ಲೋಟದಲ್ಲಿ ಕಲಸಲು ಹೋಗಿ, ಲೋಟವೇ ಕರಗಿ, ರಾಳ ಮೇಜಿನಿಂದ ಇಳಿದು ಹಳೆಯ ಯಜಮಾನರ ಬೂಟಿನೊಳಗೆ ಹೋಗಿತ್ತು. ಉದ್ದನೆಯ ಕಿರಿದಾದ ಡಬ್ಬದಲ್ಲಿ ತುಂಬ ಕಲಸಿದ ದಿನ ಅದು ಕಾದು ಹೊಗೆಯೆಬ್ಬಿಸಿತ್ತು. ಗಾಜಿನ ಭರಣಿ ಆ ಕಾವಿಗೆ ಚಟ್ಟೆಂದು ಸೀಳಿತ್ತು. ಹೀಗೆ ಬೈಸಿಕೊಂಡು ಬೈಸಿಕೊಂಡು ಅವಳು ಕಂಡುಕೊಂಡದ್ದು ಮೊಸರಿನ ಡಬ್ಬಿ. ಅಗಲ ಬಾಯಿ, ಗುಂಡಗಿನ ತಳ, ಮೂಲೆಯಲ್ಲಿ ಕಲಸದೆ ಉಳಿಯುವ ಭಯವಿಲ್ಲ. ಹಿಂಡಿದರೆ ಬಾಗುತ್ತದೆ, ಉಳಿದ ರಾಳ ಗಟ್ಟಿಯಾದ ಮೇಲೆ ಬಿಲ್ಲೆಯಾಗಿ ಟಕ್ಕೆಂದು ಹೊರಬೀಳುತ್ತದೆ, ಡಬ್ಬಿ ಮತ್ತೆ ಕೆಲಸಕ್ಕೆ ಸಿದ್ಧ.

ಯಾವ ಹೊಸ ಡಬ್ಬಿ ಕೈಗೆ ಬಂದರೂ ಅದಕ್ಕೊಂದು ಪರೀಕ್ಷೆ ಇತ್ತು. ಮೊದಲು ಮೂಸುವಳು. ಆಮೇಲೆ ಒಂದು ಚಮಚ ರಾಳ ಕಲಸಿ ಮರುದಿನದವರೆಗೆ ಬಿಟ್ಟು, ಬಿಲ್ಲೆ ತೆಗೆದು, ಅದರ ಬೆನ್ನಿನ ಮೇಲೆ ಹೆಬ್ಬೆರಳು ಜಾರಿಸುವಳು. ಬೆರಳಿಗೆ ಜಿಡ್ಡು ಹತ್ತಿತೋ, ಆ ಡಬ್ಬಿ ಕಸದ ಬುಟ್ಟಿಗೆ. ಜಿಡ್ಡಿರುವ ಕಡೆ ಒಂದು ಪದರ ಇನ್ನೊಂದನ್ನು ಹಿಡಿಯುವುದಿಲ್ಲ.

ಮನೆಯಲ್ಲಿ ಸೊಸೆಗೆ ಇದೊಂದು ತಲೆನೋವು. "ಅತ್ತೆ, ಇದು ಅಡುಗೆಮನೆಯೋ ಗುಜರಿ ಅಂಗಡಿಯೋ? ಸಕ್ಕರೆ ಹುಡುಕೋಕೆ ಹೋದ್ರೆ ನಾಲ್ಕು ಡಬ್ಬಿ ತಲೆ ಮೇಲೆ ಬೀಳ್ತಾವೆ."

"ಬಿದ್ರೆ ಬೀಳ್ಲಿ ಬಿಡೇ. ಖಾಲಿ ಡಬ್ಬಿ ತಾನೆ, ಬುರುಡೆ ಒಡೆಯಲ್ಲ."

ಆ ವರ್ಷ ಹಳೆಯ ಯಜಮಾನರು ನಿವೃತ್ತರಾಗಿ ಹೊಸ ಮೇಡಂ ಬಂದರು. ಚಿಕ್ಕ ವಯಸ್ಸು, ಚುರುಕು ಕೈ, ಕಾಲಿನ ಅಳತೆ ತೆಗೆಯುವುದರಲ್ಲಿ ನಿಸ್ಸೀಮರು. ಬಂದ ವಾರದಲ್ಲೇ ರಾಳದ ಕೋಣೆಯ ಬಾಗಿಲಲ್ಲಿ ನಿಂತು, ಡಬ್ಬಿಗಳ ಗೋಪುರವನ್ನು ನೋಡಿ ಮೂಗು ಮುರಿದರು.

"ಏನಿದು ಗುಜರಿ? ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ? ಎಲ್ಲ ತೆಗೆಸಿ. ಒಂದೇ ಅಳತೆಯ ಪೇಪರ್ ಲೋಟ ತರಿಸಿದೀನಿ. ಅಗ್ಗ, ಚೊಕ್ಕ."

ಮನೆಯಲ್ಲಿ ಸೊಸೆ ಆಡಿದಾಗ ನಗು ಬರುತ್ತಿದ್ದ ಅದೇ ಮಾತು ಇಲ್ಲಿ ಚುಚ್ಚಿತು. ಡಬ್ಬಿಯಕ್ಕ ಲೋಟವೊಂದನ್ನು ಎತ್ತಿ ಒಳಗೆ ಬೆರಳಾಡಿಸಿದಳು. ನುಣುಪು. ಮೇಣ ಬಳಿದ ಲೋಟ. ರಾಳ ಕಾದರೆ ಈ ಮೇಣ ಬಿಡುತ್ತದೆ ಎಂದು ಅವಳ ಹೆಬ್ಬೆರಳಿಗೆ ಆ ಕ್ಷಣವೇ ಗೊತ್ತಾಯಿತು. ಹೇಳಬೇಕಿತ್ತು. ಹೇಳಲಿಲ್ಲ. ಒಂದು ಚಮಚ ಕಲಸಿ ಪರೀಕ್ಷೆಯನ್ನಾದರೂ ಮಾಡಬೇಕಿತ್ತು. ಅದನ್ನೂ ಮಾಡಲಿಲ್ಲ. ಸಂಜೆ ಮುಖ ಊದಿಸಿಕೊಂಡು ಮನೆಗೆ ಬಂದು ಸೊಸೆಗೆ ಅಂದಳು, "ಇನ್ಮೇಲೆ ಡಬ್ಬಿ ಎತ್ತಿಡಬೇಡ. ಎಲ್ಲ ಎಸೆದ್ಬಿಡು. ನಮ್ಮ ಗುಜರಿ ಯಾರಿಗೂ ಬೇಡ್ವಂತೆ."

ಸೊಸೆ ಅತ್ತೆಯ ಮುಖವನ್ನೇ ನೋಡಿದಳು.

ಆಗ ಅಚ್ಚಿನ ಮೇಲಿದ್ದದ್ದು ಒಬ್ಬ ಬಸ್ ಕಂಡಕ್ಟರನ ಕಾಲು. ಅಪಘಾತದಲ್ಲಿ ಎಡಗಾಲು ಹೋಗಿ ಹತ್ತು ತಿಂಗಳಾಗಿತ್ತು. ಸೋಮವಾರ ಅವನಿಗೆ ದೇಹ ಪರೀಕ್ಷೆ. ಬಸ್ಸಿನ ಮೆಟ್ಟಿಲು ಹತ್ತಿ ಇಳಿದು ತೋರಿಸಿದರೆ ಹಳೆಯ ಕೆಲಸ. ಇಲ್ಲದಿದ್ದರೆ ಡಿಪೋದಲ್ಲಿ ಜನ ಮರೆತುಹೋದ ಛತ್ರಿ ಚೀಲಗಳನ್ನು ಕಾಯುವ ಕೋಣೆ. "ಛತ್ರಿ ಜೊತೆ ಏನ್ ಮಾತಾಡ್ಲಿ ಅಕ್ಕಾ?" ಎಂದು ಅವನು ಅಳತೆ ಕೊಡಲು ಬಂದ ದಿನವೇ ಕೇಳಿದ್ದ. "ನಂಗೆ ಜಗಳ ಆಡೋಕೆ ಜನ ಬೇಕು."

ಅವನ ಕಾಲಿನ ಒಳಪದರವನ್ನು ಡಬ್ಬಿಯಕ್ಕ ಕೊನೆಯ ಮೊಸರಿನ ಡಬ್ಬಿಯಲ್ಲಿ ಕಲಸಿದ್ದಳು. ಅವನ ಮುಂಗೈ ಪಕ್ಕದಲ್ಲಿ ಹಿಡಿದು ನೋಡಿ ಅದೇ ಕಂದು ಬಣ್ಣ ಬೆರೆಸಿದ್ದಳು. ಹೊರಪದರವನ್ನು ಕಲಸಿದ್ದು ಹೊಸ ಲೋಟದಲ್ಲಿ.

ಗುರುವಾರ ಮಧ್ಯಾಹ್ನ ಅವನು ಕಾಲು ಹಾಕಿಕೊಂಡು ಎದ್ದು ನಿಂತ. ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯದಕ್ಕೆ ಒಣ ಎಲೆ ತುಳಿದಂಥ ಸಣ್ಣ ಸದ್ದು. ಮೇಡಂ ಕಾಲು ಬಿಚ್ಚಿಸಿ, ಕಂಡಕ್ಟರನ ಚೀಲದಿಂದಲೇ ಒಂದು ನಾಣ್ಯ ಇಸಿದುಕೊಂಡು ಬಟ್ಟಲಿನ ಸುತ್ತ ತಟ್ಟುತ್ತ ಹೋದರು. ಪದರಗಳು ಕೂಡಿಕೊಂಡಿದ್ದರೆ ಟಣ್ ಎನ್ನಬೇಕು. ಅಲ್ಲಲ್ಲಿ ಟಪ್ ಟಪ್ ಎಂದಿತು. ಅಂಚಿನಲ್ಲಿ ಉಗುರು ತೂರಿಸಿದರೆ ಹೊರಪದರ ಒಣಗಿದ ಸಿಪ್ಪೆಯ ಹಾಗೆ ಎದ್ದು ಬಂತು.

"ಬಟ್ಟೆ ಸರಿ ಇರ್ಲಿಲ್ಲ ಅನ್ಸುತ್ತೆ," ಎಂದರು ಮೇಡಂ, ಮುಖ ಬಿಳಿಚಿಕೊಂಡು.

ಕಂಡಕ್ಟರ್ ತಲೆ ಕೆರೆದುಕೊಂಡ. "ಬಟ್ಟೆ ಪಾಪ ಏನ್ ಮಾಡುತ್ತೆ ಮೇಡಂ. ಹತ್ತು ತಿಂಗಳು ಕೂತ್ಕೊಂಡು ತಿಂದು ಕುಂಬಳಕಾಯಿ ಆಗಿದೀನಿ. ನನ್ನ ಭಾರಕ್ಕೇ ಬಿಟ್ಕೊಂಡಿದೆ. ತಪ್ಪು ನಂದೇ." ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. ಅವನ ಕೈ ತುಂಡುಗಾಲನ್ನು ಸವರುತ್ತಿತ್ತು, ಬೈಸಿಕೊಂಡ ಮಗುವನ್ನು ಸವರುವ ಹಾಗೆ.

ಬಾಗಿಲ ಹತ್ತಿರ ನಿಂತಿದ್ದ ಡಬ್ಬಿಯಕ್ಕ ಒಳಗೆ ಬಂದಳು. ಮೇಡಂ ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅವನು ತಪ್ಪನ್ನು ತನ್ನ ಮೈಮೇಲೆ ಎಳೆದುಕೊಂಡದ್ದು ತಡೆಯಲಾಗಲಿಲ್ಲ.

"ನಿಮ್ಮ ಭಾರ ಅಲ್ಲಪ್ಪ," ಎಂದಳು. "ಬಟ್ಟೇನೂ ಅಲ್ಲ. ಲೋಟದ ಮೇಣ. ಅದು ರಾಳಕ್ಕೆ ಇಳಿದಿದೆ. ನಂಗೆ ಮೊದಲೇ ಗೊತ್ತಿತ್ತು."

ಮೇಡಂ ತಿರುಗಿದರು. "ಗೊತ್ತಿದ್ದು ಯಾಕೆ ಹೇಳ್ಲಿಲ್ಲ?"

"ಗುಜರಿ ಅಂದ್ರಲ್ಲ, ಸಿಟ್ಟು ಬಂತು. ಅನುಭವಿಸ್ಲಿ, ಆಮೇಲೆ ಗೊತ್ತಾಗುತ್ತೆ ಅಂತ ಬಾಯಿ ಮುಚ್ಕೊಂಡೆ. ಸಿಟ್ಟು ನಿಮ್ಮ ಮೇಲೆ. ಸುರಿದದ್ದು ಇವರ ಕಾಲಿಗೆ."

ಕಂಡಕ್ಟರ್ ಆ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ. "ಚಿಲ್ಲರೆ ಕೊಡ್ಲಿಲ್ಲ ಅಂತ ಮಳೇಲಿ ಒಬ್ಬಜ್ಜಿನ ಬಸ್ಸಿಂದ ಇಳಿಸಿದ್ದೆ ಅಕ್ಕಾ. ಇವತ್ತಿಗೂ ಅವರ ಮುಖ ನೆನಪಿಗೆ ಬರುತ್ತೆ." ಎದ್ದ ಪದರವನ್ನು ಒತ್ತಿ ನೋಡಿ, "ಸೋಮವಾರಕ್ಕೆ ಏನಾದ್ರೂ ಆಗುತ್ತಾ, ಹೇಳಿ."

ಹೊಸ ಅಚ್ಚಿಗೆ ಸಮಯವಿರಲಿಲ್ಲ. ಉಳಿದದ್ದು ಒಂದೇ ದಾರಿ: ಹೊರಪದರ ಕಿತ್ತು, ಮೇಣ ತಾಗಿದ ಮೈಯನ್ನೆಲ್ಲ ಉಜ್ಜಿ ತೆಗೆದು, ಒಳಪದರದ ಮೇಲೆ ಮತ್ತೆ ಬಟ್ಟೆ ಹೊದಿಸುವುದು. ಉಗುರಗಲ ಮೇಣ ಉಳಿದರೂ ಮತ್ತೆ ಅದೇ ಕಥೆ. ಮೇಡಂ ತಾವೇ ಮುಖಕ್ಕೆ ಮುಸುಕು ಕಟ್ಟಿಕೊಂಡು ಉಪ್ಪುಕಾಗದ ಹಿಡಿದರು. ಸಂಜೆಯವರೆಗೆ ಇಬ್ಬರೂ ಎದುರುಬದುರು ಕೂತು ಉಜ್ಜಿದರು. ಒಂದು ಸಲ ಮೇಡಂ, "ಇಲ್ಲಿ ಬೆರಳಿಟ್ಟು ನೋಡಿ, ಸಾಕಾ?" ಎಂದು ಕೇಳಿದರು. "ಇನ್ನೂ ಜಾರುತ್ತೆ," ಎಂದಳು ಡಬ್ಬಿಯಕ್ಕ. ಮೇಡಂ ಮತ್ತೆ ಉಜ್ಜಿದರು.

ಮನೆಗೆ ಹೋಗುವ ದಾರಿಯಲ್ಲಿ ಡಬ್ಬಿಯಕ್ಕ ಎರಡು ಡಬ್ಬಿ ಮೊಸರು ಕೊಂಡಳು. ರಾಳವನ್ನು ಒಂದು ಡಬ್ಬಿಯಲ್ಲಿ ಕಲಸಿ, ಅದರ ಒಳಗೋಡೆಗೆ ಅಂಟಿ ಬೆರೆಯದೆ ಉಳಿದದ್ದು ಸೇರದಂತೆ ಇನ್ನೊಂದಕ್ಕೆ ಬಗ್ಗಿಸಿ ಮತ್ತೆ ಕಲಸುವುದು ಅವಳ ಕ್ರಮ. ಮೊಸರನ್ನು ಪಾತ್ರೆಗೆ ಬಗ್ಗಿಸುತ್ತಿದ್ದಾಗ ಸೊಸೆ ಹಿಂದಿನಿಂದ ಬಂದಳು.

"ಯಾಕೆ ಅತ್ತೆ ಇಷ್ಟೊಂದು ಮೊಸರು?"

"ಮೊಸರಿಗಲ್ವೇ. ಡಬ್ಬಿಗೆ."

ಸೊಸೆ ಮಂಚದಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದಳು. ಒಳಗೆ ಡಬ್ಬಿಗಳು, ಅಳತೆಗೆ ತಕ್ಕಂತೆ ಒಂದರೊಳಗೊಂದು. ಬಿಸಿನೀರಲ್ಲಿ ತೊಳೆದು, ಒರೆಸಿ, ಬೋರಲು ಹಾಕಿದ್ದು.

"ಎಸೆ ಅಂದಿದ್ನಲ್ಲೇ!"

"ನೀವು ಅಂದಿದ್ದನ್ನೆಲ್ಲ ಕೇಳೋ ಹಾಗಿದ್ರೆ ಈ ಮನೆ ನಡೀತಿತ್ತಾ?" ಸೊಸೆ ನಕ್ಕಳು. "ಅವತ್ತು ನಿಮ್ಮ ಮುಖ ನೋಡಿದ್ನಲ್ಲ. ಎಸೆಯೋಕೆ ಕೈ ಬರ್ಲಿಲ್ಲ. ಆದ್ರೆ ಮೂರಕ್ಕೆ ತೂತು ಮಾಡಿ ಟೊಮೆಟೊ ಬೀಜ ಹಾಕ್ಬಿಟ್ಟೆ. ಅದನ್ನ ಕೇಳ್ಬೇಡಿ."

ಡಬ್ಬಿಯಕ್ಕ ಮೇಲಿನ ಡಬ್ಬಿ ತೆಗೆದು ಅಭ್ಯಾಸಬಲದಿಂದ ಮೂಸಿದಳು. ಸೊಸೆ ಸೋಪಿನ ವಾಸನೆಯೂ ಇರದಂತೆ ತೊಳೆದಿದ್ದಳು. ಅತ್ತೆ ಅದನ್ನು ತಿರುಗಿಸಿ ನೋಡಿದಳು. "ತಳಾನೂ ಒರೆಸಿದೀಯ," ಎಂದಳು. ಅವಳ ಬಾಯಿಂದ ಅಷ್ಟು ಬಂದರೆ ಹೊಗಳಿದ ಹಾಗೆ ಎಂದು ಸೊಸೆಗೆ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ರಾಳ ಕಲಸಿದಳು. ಕಡ್ಡಿಯಿಂದ ತಳ ಕೆರೆದು, ಗೋಡೆ ಕೆರೆದು, ಗುಳ್ಳೆ ಏಳದಂತೆ ನಿಧಾನವಾಗಿ. ಅರೆಪಾರದರ್ಶಕ ಡಬ್ಬಿಯ ಮೂಲಕ ಕಂದು ಬಣ್ಣದ ಎಳೆಗಳು ಸುತ್ತುತ್ತ ಸುತ್ತುತ್ತ ಒಂದಾಗುವುದನ್ನು ಮೇಡಂ ಬಗ್ಗಿ ನೋಡುತ್ತಿದ್ದರು.

ಶನಿವಾರ ಕಂಡಕ್ಟರ್ ಬಂದ. ಈ ಸಲ ನಾಣ್ಯವನ್ನು ಮೇಡಂ ಡಬ್ಬಿಯಕ್ಕನ ಕೈಗೆ ಕೊಟ್ಟರು. ಅವಳು ಅಂಚಿನಿಂದ ಶುರುಮಾಡಿ ತಟ್ಟಿದಳು. ಟಣ್. ಮುಂದೆ, ಟಣ್. ಹಿಂದೆ, ಕೆಳಗೆ, ಗುರುವಾರ ಸಿಪ್ಪೆ ಎದ್ದಿದ್ದ ಜಾಗದಲ್ಲಿ ಉಸಿರು ಬಿಗಿಹಿಡಿದು ಎರಡು ಸಲ. ಟಣ್, ಟಣ್.

"ರೈಟ್, ಹೋಗ್ಲಿ!" ಎಂದು ಕೂಗಿದ ಕಂಡಕ್ಟರ್, ಬಸ್ಸಿನಲ್ಲಿ ಕೂಗುವ ಅದೇ ದನಿಯಲ್ಲಿ.

ಬಸ್ಸಿನ ಮೆಟ್ಟಿಲಿನ ಎತ್ತರಕ್ಕೆ ಮಾಡಿಸಿದ್ದ ಮರದ ಮೆಟ್ಟಿಲನ್ನು ಅವನು ಹನ್ನೊಂದು ಸಲ ಹತ್ತಿ ಇಳಿದ. ಸಾಕೆಂದರೂ ಕೇಳಲಿಲ್ಲ.

ಮುಂದಿನ ವಾರ ಒಂದು ಮಧ್ಯಾಹ್ನ ಕಾರ್ಖಾನೆಯೆದುರು ಬಸ್ಸು ನಿಂತಿತು. ಅಲ್ಲಿ ಸ್ಟಾಪಿರಲಿಲ್ಲ. ಸಮವಸ್ತ್ರದ ಕಂಡಕ್ಟರ್ ಮೆಟ್ಟಿಲಿಳಿದು ರಾಳದ ಕೋಣೆಯವರೆಗೂ ಬಂದು ಒಂದು ಚೀಲವನ್ನು ಮೇಜಿನ ಮೇಲೆ ಬಗ್ಗಿಸಿದ. ಖಾಲಿ ಡಬ್ಬಿಗಳು, ಲೋಟಗಳು. "ನನ್ನ ಬಸ್ಸಲ್ಲಿ ಜನ ಬಿಟ್ಟು ಹೋಗಿದ್ದು. ಎಲ್ಲ ನಿಮಗೇ."

ಡಬ್ಬಿಯಕ್ಕ ಒಂದೊಂದನ್ನೇ ಎತ್ತಿ ಮೂಸಿದಳು, ಹಿಂಡಿದಳು, ಬೆರಳಾಡಿಸಿದಳು. ಥರ್ಮೋಕೋಲಿನದು ಪಕ್ಕಕ್ಕೆ. ಮೇಣದ್ದು ಪಕ್ಕಕ್ಕೆ. ಬೆಣ್ಣೆಯ ಜಿಡ್ಡಿನದು ಪಕ್ಕಕ್ಕೆ.

"ಡಾಕ್ಟ್ರು ಕೂಡ ನನ್ನನ್ನ ಇಷ್ಟು ನೋಡ್ಲಿಲ್ಲ," ಎಂದ ಕಂಡಕ್ಟರ್.

ಹೊರಗೆ ಡ್ರೈವರ್ ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದ. ಮೇಡಂ ಮೇಜಿನ ಆಚೆಯಿಂದ ಕೈ ಚಾಚಿ, ಉಳಿದವುಗಳಲ್ಲಿ ಒಂದನ್ನು ಎತ್ತಿ, ತಮ್ಮ ಹೆಬ್ಬೆರಳನ್ನು ಒಳಗೆ ಜಾರಿಸಿ, ಡಬ್ಬಿಯಕ್ಕನ ಕಡೆ ನೋಡಿದರು.

"ಇದು?"

"ಒಂದು ಚಮಚ ಕಲಸಿಡಿ," ಎಂದಳು ಅವಳು. "ನಾಳೆ ನೋಡೋಣ."