ಲೂಪಿನಲ್ಲಿ ಉಳಿದ ಖಾಲಿ ಜಾಗ

ಕಳೆದ ಭಾನುವಾರ ಹರಿಹರದಲ್ಲಿ, ತುಂಬಿದ ಸಭೆಯ ಎದುರು, ನನ್ನ ವಾರಗಿತ್ತಿಯ ಬಾಯಿಂದ ಒಂದು ಪದ ಕಿತ್ತುಕೊಂಡೆ. ಅದೂ ಕಾಲಿನಿಂದ!

ಗಾಬರಿಯಾಗಬೇಡಿ. ಮೊದಲಿನಿಂದ ಹೇಳುತ್ತೇನೆ.

ವಾರಗಿತ್ತಿ ಎಂದರೆ ಗೌರಕ್ಕ, ನಮ್ಮ ಯಜಮಾನರ ಅಣ್ಣನ ಹೆಂಡತಿ. ಹರಿಹರದ ಅವರ ಓಣಿಯಲ್ಲಿ ಯಾವ ಮಗುವನ್ನು ತೊಟ್ಟಿಲಿಗೆ ಹಾಕಿದರೂ ಜೋಗುಳ ಅವರದೇ. ಈಚೆಗೆ ಆಸ್ತಮಾ. ಒಂದು ಸಾಲು ಹಾಡಿದರೆ ಉಸಿರು ಮುಗಿಯುತ್ತದೆ. ಈಗ ನಾಮಕರಣಗಳಲ್ಲಿ ಟೇಪ್‌ರೆಕಾರ್ಡರ್ ಹಾಡುತ್ತದೆ, ಗೌರಕ್ಕ ಮನೆಯಲ್ಲಿ ಕೂರುತ್ತಾರೆ. ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೂ ಸೆಕ್ರೆಟರಿ, "ಕ್ಯಾಸೆಟ್ ಹಾಕಿದ್ರಾತು ಬಿಡ್ರಿ, ನಿಮಗ್ಯಾಕ ತ್ರಾಸು?" ಅಂದರಂತೆ.

ಅದು ಚುಚ್ಚಿತು. ತಕ್ಷಣ ನನಗೆ ಫೋನ್. "ನಾನು ಹಾಡೇ ಹಾಡ್ತೀನಿ. ಹೆಂಗೆ ಅಂತ ನೀನು ನೋಡು." (ಕಾನ್ವೆಂಟಿನಲ್ಲಿ ಓದಿದವರಿಗೆ ಎಲ್ಲದಕ್ಕೂ ಉಪಾಯ ಗೊತ್ತಿರುತ್ತದೆ ಎಂಬುದು ನಮ್ಮ ಮನೆತನದ ಹಳೆಯ ನಂಬಿಕೆ.)

ಉಪಾಯ ಇದ್ದದ್ದು ದಾವಣಗೆರೆಯ ಮಂಡಿಪೇಟೆಯಲ್ಲಿ. ಅಕ್ಕಿ ಅಂಗಡಿಯೊಂದರ ಮೇಲೆ ನಜೀರ್‌ನ ರೆಕಾರ್ಡಿಂಗ್ ರೂಮ್. ಈ ವರ್ಷ ಕಂಪ್ಯೂಟರ್ ತಂದಿದ್ದಾನೆ. ಅದರಲ್ಲಿ ಒಂದು ಪ್ರೋಗ್ರಾಮ್ ಢೋಲಕ್ ಬಾರಿಸುತ್ತದೆ. ಇನ್ನೊಂದು, ನೀವು ಹಾಡಿದ ಸಾಲನ್ನು ಆಗಿಂದಾಗಲೇ ಹಿಡಿದುಕೊಂಡು ಮತ್ತೆ ಮತ್ತೆ ಹಾಡುತ್ತದೆ. ಅದಕ್ಕೆ ಲೂಪ್ ಅನ್ನುತ್ತಾರೆ. ಗೌರಕ್ಕ ಒಂದು ಸಾಲು ಹಾಡಿದರೆ ಸಾಕು. ಅದು ತಿರುಗುತ್ತಿರುವಾಗ ಉಸಿರು ತೆಗೆದುಕೊಂಡು, ಅದರ ಮೇಲೇ ಮುಂದಿನ ಸಾಲು ಹಾಡಬಹುದು. ಬ್ರಿಲಿಯಂಟ್, ಅಲ್ಲವೇ?

ಮೊದಲ ಪ್ರಾಕ್ಟೀಸ್‌ನಲ್ಲೇ ಎಡವಟ್ಟು. ಒಂದೆರಡು ಸುತ್ತು ಚೆನ್ನಾಗಿತ್ತು. ಆಮೇಲೆ ಢೋಲಕ್ ಮುಂದೆ, ಗೌರಕ್ಕನ ದನಿ ಹಿಂದೆ, ಹೊರಟ ಬಸ್ಸಿನ ಹಿಂದೆ ಓಡುವವರ ಹಾಗೆ.

"ಎರಡೂ ತಂತಮ್ಮ ಗಡಿಯಾರ ನೋಡ್ಕಂಡು ಓಡ್ತಾವಮ್ಮಾ," ಅಂದ ನಜೀರ್. "ಒಂದು ಹೇಳ್ಬೇಕು, ಇನ್ನೊಂದು ಕೇಳ್ಬೇಕು. ಇಬ್ರೂ ಯಜಮಾನ್ರಾದ್ರೆ ಮನೆ ನಡೀತತೇನ್ರಿ?"

"ನಮ್ಮನೇಲಿ ಗಡಿಯಾರ ಕಟ್ಕಂಡು ಓಡಾಡ್ತಿದ್ದೋರು ಯಜಮಾನ್ರು. ಟೈಮ್ ಹೇಳ್ತಿದ್ದಾಕಿ ನಾನು," ಅಂದರು ಗೌರಕ್ಕ.

ನಜೀರ್ ನಗುತ್ತಲೇ ಢೋಲಕ್ಕನ್ನು ಮಾಸ್ಟರ್ ಮಾಡಿದ. ಅದು ಕಳಿಸುವ ಕ್ಲಾಕ್, ಅಂದರೆ ತಾಳದ ಲೆಕ್ಕ, ಕೇಳಿಕೊಂಡು ಲೂಪ್ ನಡೆಯಬೇಕು. ನಡೆಯಿತು! ಎಷ್ಟು ಸುತ್ತು ತಿರುಗಿದರೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇಲ್ಲ. ಇದಕ್ಕೇ ಸಿಂಕ್ ಅನ್ನುತ್ತಾರಂತೆ. ಇನ್ನುಳಿದದ್ದು, ಸಾಲು ಮುಗಿದಾಗ ಸರಿಯಾಗಿ ತಾಳದ ಪೆಟ್ಟಿಗೇ ಕಾಲಬುಡದ ಪೆಡಲ್ ಒತ್ತಿ, ರೆಕಾರ್ಡಿಂಗ್ ಅಲ್ಲಿಗೇ ನಿಲ್ಲಿಸಿ ಲೂಪ್ ತಿರುಗಿಸುವ ಕೆಲಸ. ಸಿಸ್ಟರ್ಸ್ ಹತ್ತಿರ ಪಿಯಾನೋ ಕಲಿತ ಕಾಲು ಯಾರದು? ನನ್ನದೇ.

ಅಂದು ಮಂಡಿಪೇಟೆಯ ಮೆಟ್ಟಿಲು ಇಳಿಯುವಾಗ ಕಾನ್ವೆಂಟಿನ ಮ್ಯೂಸಿಕ್ ರೂಮ್ ನೆನಪಾಯಿತು. ಮೇಣ ತಿಕ್ಕಿದ ನೆಲ, ಕಿಟಕಿಯ ಬಿಸಿಲು, "ಕೌಂಟ್, ಚೈಲ್ಡ್, ಕೌಂಟ್!" ಬದುಕಿಡೀ ಕೌಂಟ್ ಮಾಡಿಕೊಂಡೇ ಬಂದವಳು ನಾನು. ಗೌರಕ್ಕನೋ, ಮಗು ಕಣ್ಣು ಮುಚ್ಚುವ ತನಕ ಸಾಲು ಎಳೆಯುವವರು. ನಮ್ಮಿಬ್ಬರನ್ನು ಸಿಂಕ್ ಮಾಡಲು ಯಾವ ಪ್ರೋಗ್ರಾಮ್ ಇದೆ?

ಭಾನುವಾರ ಬಂತು. ನಜೀರ್ ಕಂಪ್ಯೂಟರನ್ನು ರಜಾಯಿಯಲ್ಲಿ ಸುತ್ತಿ ಹರಿಹರಕ್ಕೆ, ಮಹಿಳಾ ಸಮಾಜದ ಹಾಲ್‌ಗೆ ತಂದ. ಢೋಲಕ್ ಶುರುವಾಯಿತು. ಗೌರಕ್ಕ ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿದರು. ಎಂಥ ದನಿ! ಇನ್ನು ಸಾಲಿನ ಕೊನೆಯ ಪದ "ಕಂದಾ" ಒಂದೇ ಬಾಕಿ.

ಅವರ ಉಸಿರು ಮುಗಿಯಿತು. ಬಾಯಿ ತೆರೆದಿದೆ, ದನಿ ಇಲ್ಲ.

ಕಾಯಲೇ? ಕಾದರೆ ತಾಳ ತಪ್ಪುತ್ತದೆ. ಒತ್ತಲೇ? ಕಾಲು ನನ್ನನ್ನು ಕೇಳಲೇ ಇಲ್ಲ. ಪೆಟ್ಟು ಬಿತ್ತು, ಅದು ಒತ್ತಿತು.

ಸಾಲು ತಿರುಗಿತು. ಪರ್ಫೆಕ್ಟ್ ಸಿಂಕ್. "ಕಂದಾ" ಇರಬೇಕಾದ ಜಾಗದಲ್ಲಿ ಮಾತ್ರ ಬರೀ ಢೋಲಕ್. ಗೌರಕ್ಕ ನನ್ನತ್ತ ನೋಡಿದರು. (ಆ ನೋಟವನ್ನು ಬರೆಯಲು ನನ್ನ ಕನ್ನಡವೂ ಸಾಲದು, ಇಂಗ್ಲಿಷೂ ಸಾಲದು.) ಸೆಕ್ರೆಟರಿ ಎದ್ದು ನಿಂತರು. ಕ್ಯಾಸೆಟ್ ಅವರ ಕೈಯಲ್ಲೇ ಇತ್ತು.

ಸಾಲು ಮತ್ತೊಮ್ಮೆ ಆ ಖಾಲಿ ಜಾಗಕ್ಕೆ ಬಂತು. ಹಿಂದಿನ ಬೆಂಚಿನಿಂದ ಯಾರೋ ಹೇಳಿದರು, "ಕಂದಾ".

ತೊಟ್ಟಿಲ ಸುತ್ತ ನಿಂತ ಹೆಂಗಸರು ಮಾಡುವುದೇ ಹಾಗಲ್ಲವೇ? ಒಬ್ಬರು ಸಾಲು ಎತ್ತುತ್ತಾರೆ, ಕೊನೆಯ ಪದವನ್ನು ಎಲ್ಲರೂ ಕೂಡಿ ಹೇಳಿ ತೊಟ್ಟಿಲು ತೂಗುತ್ತಾರೆ. ಮುಂದಿನ ಸುತ್ತಿಗೆ ಹತ್ತಾರು ದನಿ. ಅದರ ಮುಂದಿನದಕ್ಕೆ ಇಡೀ ಹಾಲ್! ಅವರಿಗೆ ಯಾವ ಕ್ಲಾಕೂ ಹೋಗಿರಲಿಲ್ಲ, ಒಬ್ಬರೂ ಕೌಂಟ್ ಮಾಡುತ್ತಿರಲಿಲ್ಲ. ಒಂದು ಸಲವೂ ತಪ್ಪಲಿಲ್ಲ. ಗೌರಕ್ಕ ಬಾಯಿ ಮುಚ್ಚಿ, ನಿಧಾನವಾಗಿ, ಹೊಟ್ಟೆತುಂಬ ಉಸಿರು ತೆಗೆದುಕೊಂಡರು. ಆಮೇಲೆ ಎರಡನೆಯ ಸಾಲು ಎತ್ತಿದರು. ಸೆಕ್ರೆಟರಿ ಕ್ಯಾಸೆಟ್ ಹಿಡಿದುಕೊಂಡೇ ಕೂತರು, ಬಾಯಲ್ಲಿ "ಕಂದಾ".

ವಾಪಸ್ಸು ಆಟೋದಲ್ಲಿ ನಾನು ಮೆಲ್ಲಗೆ, "ಸಾರಿ ಅಕ್ಕ, ಸ್ವಲ್ಪ ಕಾಯಬೇಕಿತ್ತು" ಅಂದೆ.

"ಕಾದಿದ್ರೆ ಎಲ್ಲಾ ಕೆಡ್ತಿತ್ತು. ಮುಂದಿನ ಸಲ ಇನ್ನೂ ಜಲ್ದಿ ಒತ್ತು."

"ಇನ್ನೂ ಜಲ್ದೀನಾ? ಯಾಕೆ?"

"ಒಂದೇ ಪದ ಯಾಕ ಬಿಡ್ಬೇಕು? ಅರ್ಧ ಸಾಲು ಬಿಡಾನ. ಅವ್ರಿಗೆ ಬರ್ತತೆ."

ಹಾಡು ಕಲಿಸುವವರು ಊರಲ್ಲಿ ಎಷ್ಟೋ ಜನ ಇದ್ದಾರೆ. ಹೀಗೆ ನಗುನಗುತ್ತಾ ಅರ್ಧ ಸಾಲು ಬಿಟ್ಟುಕೊಡುವುದನ್ನು ಯಾರ ಹತ್ತಿರ ಕಲಿಯೋಣ?